ಉಪ್ಪಿನಕಾಯಿಯೇ ಊಟವಾಗದಿರಲಿ

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂಬ ಮಾತಿದೆ. ನಿಜ, ನೆಗಡಿ ತಾನಾಗಿ ಹೋಗುತ್ತದೆ. ಆದರೆ 12 ವಾರ ಕಳೆದರೂ ಮೂಗು ಕಟ್ಟಿಯೇ ಇದ್ದರೆ, ಗಂಟಲಿಗೆ ಕಫ ಇಳಿಯುತ್ತಿದ್ದರೆ, ಮುಖ ಭಾರವೆನಿಸಿ ಸಾರಿನ ಒಗ್ಗರಣೆಯ ವಾಸನೆಯೂ ತಿಳಿಯದಾದರೆ ಅದು ಬರೀ ನೆಗಡಿಯಲ್ಲ. ದೀರ್ಘಕಾಲದ ಸೈನಸೈಟಿಸ್ ಇರಬಹುದು.

ಮುಖದ ಮೂಳೆಗಳೊಳಗೆ ನಾಲ್ಕು ಜೊತೆ ಗಾಳಿಗೂಡುಗಳಿವೆ. ಇವೇ ಸೈನಸ್‌ಗಳು. ಇವುಗಳ ಒಳಪೊರೆ ಊದಿಕೊಂಡು, ಮೂಗಿಗೆ ತೆರೆಯುವ ಕಿರುದಾರಿಗಳು ಮುಚ್ಚಿದಾಗ ಲೋಳೆ ಒಳಗೇ ನಿಲ್ಲುತ್ತದೆ. ವಿಜಯನಗರದಂಥ ಬಡಾವಣೆಯಲ್ಲಿ ಮೂಗನ್ನು ಕೆರಳಿಸುವ ವಸ್ತುಗಳಿಗೆ ಬರವಿಲ್ಲ. ಮಾಗಡಿ ರಸ್ತೆಯ ಹೊಗೆ, ಕಟ್ಟಡ ಕೆಲಸದ ದೂಳು, ಖಾಲಿ ನಿವೇಶನದ ಕಾಂಗ್ರೆಸ್ ಗಿಡ. ಈ ಗಿಡದ ಪರಾಗದಿಂದ ಮೂಗಿನ ಅಲರ್ಜಿ ಬರುತ್ತದೆಂದು ಬೆಂಗಳೂರಿನ ಸಂಶೋಧಕರು 1991ರಲ್ಲೇ ಪ್ರಕಟಿಸಿದ್ದಾರೆ.

ಕಾಯಿಲೆ ತಿಂಗಳುಗಟ್ಟಲೆ ಎಳೆದಾಗ ‘ನೈಸರ್ಗಿಕ’ ಎಂಬ ಪದ ಕಿವಿಗೆ ಇಂಪಾಗುತ್ತದೆ. ಅರಿಶಿನದ ಕ್ಯಾಪ್ಸೂಲ್, ಅನಾನಸ್ ಗಿಡದಿಂದ ತೆಗೆದ ಬ್ರೋಮಲೈನ್ ಮಾತ್ರೆ, ವಿಟಮಿನ್ ಡಿ ಎಲ್ಲವೂ ಮನೆ ಸೇರುತ್ತವೆ. ಇವನ್ನೆಲ್ಲ ಎಸೆಯಿರಿ ಎನ್ನುವುದು ನನ್ನ ವಾದವಲ್ಲ. ಊಟಕ್ಕೆ ಉಪ್ಪಿನಕಾಯಿ ಇರಲಿ, ಉಪ್ಪಿನಕಾಯಿಯೇ ಊಟವಾಗುವುದು ಬೇಡ.

ಸಹಾಯಕ ಚಿಕಿತ್ಸೆಗಳಲ್ಲಿ ಮೊದಲ ಮಣೆ ಸಲ್ಲಬೇಕಾದದ್ದು ಎಲ್ಲಕ್ಕಿಂತ ಅಗ್ಗವಾದ ಉಪ್ಪುನೀರಿಗೆ. ಯೋಗದ ಜಲನೇತಿಯಂತೆ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ಯುರೋಪಿನ ತಜ್ಞರ 2020ರ ಮಾರ್ಗಸೂಚಿಯೂ ಶಿಫಾರಸು ಮಾಡಿದೆ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು, ಚಿಟಿಕೆ ಅಡುಗೆ ಸೋಡಾ ಸಾಕು. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಿರಬೇಕು. ಸಂಪಿನ ನೀರು, ನಲ್ಲಿ ನೀರು ನೇರವಾಗಿ ಬೇಡ. ಅಮೆರಿಕದ ಲೂಸಿಯಾನದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ಹೀಗೆ ಮೂಗು ತೊಳೆದ ಇಬ್ಬರು ಮಿದುಳಿಗೇರುವ ಅಮೀಬಾಕ್ಕೆ ಬಲಿಯಾದರು.

ಬ್ರೋಮಲೈನ್ ಊತ ಇಳಿಸಬಹುದೆಂಬ ನಿರೀಕ್ಷೆಯಿದೆ, ಆಧಾರ ಇನ್ನೂ ತೆಳು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರಿಗೆ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಹಾಲಿಗೆ ಹಾಕುವ ಚಿಟಿಕೆ ಅರಿಶಿನವೇ ಬೇರೆ, ಅದರ ಸಾರ ತುಂಬಿದ ಕ್ಯಾಪ್ಸೂಲೇ ಬೇರೆ. ಇಂಥ ಕ್ಯಾಪ್ಸೂಲಿನಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ. ವಿಟಮಿನ್ ಡಿ ಬೇಕೇ ಎಂಬುದನ್ನು ರಕ್ತಪರೀಕ್ಷೆ ಹೇಳಲಿ. ಹಬೆಯಿಂದ ಸ್ವಲ್ಪ ಹೊತ್ತು ಹಾಯೆನಿಸೀತು. ಆದರೆ ಕುದಿನೀರಿನ ಪಾತ್ರೆಯ ಹತ್ತಿರ ಮಕ್ಕಳನ್ನು ಬಿಡಬೇಡಿ.

ಹಾಗಾದರೆ ಊಟ ಯಾವುದು? ಹೆಚ್ಚಿನವರಿಗೆ, ವೈದ್ಯರು ಬರೆದುಕೊಡುವ ಮೂಗಿನ ಸ್ಟೀರಾಯ್ಡ್ ಸ್ಪ್ರೇ. ಹೆಸರು ಕೇಳಿಯೇ ಬೆಚ್ಚಿ ಅದನ್ನು ಬಿಡುವವರುಂಟು. ಈಗಿನ ಸ್ಪ್ರೇಗಳನ್ನು ಹೇಳಿದ ಪ್ರಮಾಣದಲ್ಲಿ ಬಳಸಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಫಲ ಕಾಣಲು ಕೆಲವು ವಾರ ತಾಳ್ಮೆ ಬೇಕು. ವಿಚಿತ್ರವೆಂದರೆ, ಇದಕ್ಕೆ ಹೆದರುವವರೇ ಮೂಗು ಬಿಡಿಸುವ ಡ್ರಾಪ್ಸ್ ಅನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುತ್ತಾರೆ. ವಾರ ಮೀರಿದರೆ ಆ ಡ್ರಾಪ್ಸೇ ಮೂಗು ಕಟ್ಟಿಸುತ್ತದೆ.

ಕಣ್ಣಿನ ಸುತ್ತ ಊತ, ಒಂದು ವಸ್ತು ಎರಡಾಗಿ ಕಾಣುವುದು, ಜ್ವರದೊಡನೆ ತೀವ್ರ ತಲೆನೋವು, ಒಂದೇ ಹೊಳ್ಳೆಯಿಂದ ಪದೇ ಪದೇ ರಕ್ತ. ಇವು ಕಂಡರೆ ಕಷಾಯ ಕಾಯಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ. 2021ರಲ್ಲಿ ಕೋವಿಡ್ಡಿನ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ಸೈನಸ್‌ಗಳಿಂದಲೇ ಕಣ್ಣಿಗೆ ಹಬ್ಬಿದ್ದನ್ನು ನಾವು ಮರೆತಿಲ್ಲ. ಮಧುಮೇಹ ಇರುವವರಂತೂ ಒಂದು ದಿನವನ್ನೂ ಕಳೆಯಬಾರದು.

ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಲು ಹೋದಾಗ ನೀವು ನುಂಗುತ್ತಿರುವ ಎಲ್ಲ ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ‘ಗಿಡಮೂಲಿಕೆ ತಾನೇ, ಹೇಳುವುದೇನು’ ಎಂದು ಮುಚ್ಚಿಡಬೇಡಿ. ಯಾವುದು ಇರಲಿ, ಯಾವುದು ಬೇಡ ಎಂಬುದು ಅಲ್ಲಿ ತೀರ್ಮಾನವಾಗಲಿ.