ಗಂಟೆ ಲೆಕ್ಕ ಬಿಡಿ, ಅಡಿ ಲೆಕ್ಕಕ್ಕೆ ಬನ್ನಿ

ಜೆಸಿಬಿಯನ್ನು ಗಂಟೆ ಲೆಕ್ಕದಲ್ಲಿ ತೋಟಕ್ಕೆ ಕರೆಸುವುದು ನಮ್ಮ ಕಡೆ ಎಷ್ಟು ರೂಢಿಯಾಗಿದೆಯೆಂದರೆ, ಬೇರೆ ಲೆಕ್ಕವೂ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ನನಗೆ ಈ ಪದ್ಧತಿಯ ಮೇಲೆ ಸಿಟ್ಟಿದೆ. ಆ ಸಿಟ್ಟು ನನಗೆ ಒಪ್ಪುವುದಿಲ್ಲವೆಂದು ಮನೆಯವರು ನಗುತ್ತಾರೆ. ಏಕೆಂದರೆ ಟಿ. ದಾಸರಹಳ್ಳಿಯಲ್ಲಿ ನನ್ನದು ಪೈಪು, ವಾಲ್ವು, ಕೇಬಲ್ ಮಾರುವ ಅಂಗಡಿ. ಸೋಮವಾರ ಬೆಳಿಗ್ಗೆ ಬರುವ ಗಿರಾಕಿಗಳಲ್ಲಿ ಒಬ್ಬರಾದರೂ ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿಕೊಂಡು ಬಂದು, ಹರಿದ ಪಿವಿಸಿ ಪೈಪಿನ ಗೇಣುದ್ದ ತುಂಡನ್ನು ಕೌಂಟರಿನ ಮೇಲಿಟ್ಟು, "ಅಕ್ಕಾ, ಇದೇ ಸೈಜಿಗೆ ಎರಡು ಕಪ್ಲರ್, ಒಂದು ಸಲ್ಯೂಷನ್ ಕೊಡಿ. ಜೆಸಿಬಿಯವ್ನು ಲೈನ್ ಕಿತ್ತಾಕ್ಬಿಟ್ಟ" ಎನ್ನುತ್ತಾರೆ. ಭಾನುವಾರ ಕೆಲಸ ಮಾಡಿಸಿದವರು ಅವರು. ಅವರ ನಷ್ಟ ನನಗೆ ವ್ಯಾಪಾರ.

ದಾಸರಹಳ್ಳಿ 2007ರವರೆಗೆ ನಗರಸಭೆಯಾಗಿತ್ತು, ಆಮೇಲೆ ಬೃಹತ್ ಬೆಂಗಳೂರಿಗೆ ಸೇರಿತು. ಈಗ ಮೆಟ್ರೊ ನಿಲ್ದಾಣವೂ ಇದೆ. ಆದರೆ ಇಲ್ಲಿನವರ ಒಂದು ಕಾಲು ಇನ್ನೂ ಹೊಲದಲ್ಲೇ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಹೆಸರಘಟ್ಟದ ಆಚೆಗೋ, ನೆಲಮಂಗಲ, ತ್ಯಾಮಗೊಂಡ್ಲು ಕಡೆಗೋ ಅರ್ಧ ಎಕರೆ, ಒಂದು ಎಕರೆ ಹುಡುಕುತ್ತಾರೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದಾದ ಮೇಲಂತೂ ನನ್ನ ಅಂಗಡಿಗೆ ಇಂಥವರ ಓಡಾಟ ಜಾಸ್ತಿ. ಬೋರ್‌ವೆಲ್‌ನಿಂದ ತೊಟ್ಟಿಗೆ ಪೈಪು, ಕಂಬದಿಂದ ಪಂಪ್‌ಹೌಸಿಗೆ ಕೇಬಲ್, ಪುಟ್ಟ ಮನೆ ಕಟ್ಟಿದರೆ ಸೆಪ್ಟಿಕ್ ಟ್ಯಾಂಕಿಗೆ ಒಂದು ಸಾಲು. ಮೂರಕ್ಕೂ ಟ್ರೆಂಚ್ ಹೊಡೆಸಬೇಕು. ಪೈಪು ಯಾವ ಕಂಪನಿಯದು, ಎಷ್ಟು ಕೆ.ಜಿ. ಒತ್ತಡ ತಡೆಯುತ್ತದೆ ಎಂದೆಲ್ಲ ನನ್ನ ತಲೆ ತಿನ್ನುವವರು, ಟ್ರೆಂಚ್ ವಿಷಯಕ್ಕೆ ಬಂದರೆ ಕೇಳುವುದು ಒಂದೇ: "ಗಂಟೆಗೆ ಎಷ್ಟಂತೆ?"

ಗಂಟೆ ಯಾವಾಗ ಶುರುವಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಎಂಟನೇ ಮೈಲಿಯಿಂದ ಹೊರಟ ಗಾಡಿ ತುಮಕೂರು ರಸ್ತೆಯ ಟ್ರಾಫಿಕ್ ದಾಟಿ ತೋಟ ಮುಟ್ಟುವ ಹೊತ್ತೂ ಕೆಲವರ ಲೆಕ್ಕದಲ್ಲಿ ಸೇರಿರುತ್ತದೆ. ಇಷ್ಟು ಗಂಟೆಗಿಂತ ಕಡಿಮೆ ಬಾಡಿಗೆ ಇಲ್ಲ ಎಂಬ ಕಟ್ಟು ಬೇರೆ. ಎರಡಡಿಗೇ ಬಂಡೆ ಸಿಕ್ಕರೆ, ನಮ್ಮ ಈ ಸೀಮೆಯಲ್ಲಿ ಅದು ಸಿಗದಿದ್ದರೇ ಆಶ್ಚರ್ಯ, ಬ್ರೇಕರ್ ಹಾಕಬೇಕು, ಅದರ ದರ ಬೇರೆ. ಗಾಡಿಯ ಮಾಲೀಕ ಒಬ್ಬ, ಫೋನಿನಲ್ಲಿ ಮಾತಾಡಿದ ಮಧ್ಯವರ್ತಿ ಇನ್ನೊಬ್ಬ, ಸೀಟಿನಲ್ಲಿ ಕೂತ ಆಪರೇಟರ್ ಮತ್ತೊಬ್ಬ. ತೋಟದಲ್ಲಿ ಇರುವವನು ಆಪರೇಟರ್ ಮಾತ್ರ. ದರ ಒಪ್ಪಿದವನು ಅವನಲ್ಲ, ತಪ್ಪಾದರೆ ಕಟ್ಟಿಕೊಡುವವನೂ ಅವನಲ್ಲ. ಅವನ ಬಾಟಾ ಅವನಿಗೆ ಬಂದರೆ ಸರಿ. ಅವನನ್ನು ಬೈದು ಪ್ರಯೋಜನವಿಲ್ಲ.

ಅಗಲದ ವಿಷಯ ಇನ್ನೂ ಸೊಗಸು. ಎರಡು ಇಂಚಿನ ಪೈಪು ಹೂಳಲು ಒಂದಡಿ ಅಗಲ ಧಾರಾಳ. ಆದರೆ ಗಾಡಿಗೆ ಸಿಕ್ಕಿಸಿಕೊಂಡು ಬಂದಿರುವುದು ಎರಡಡಿಯ ಬಕೆಟ್. ಸಣ್ಣದು ಶೆಡ್ಡಿನಲ್ಲೇ ಇದೆ, ಅದನ್ನು ಹಾಕುವುದಕ್ಕೆ ಯಾರು ಪಿನ್ನು ಬಿಚ್ಚಿ ಕೂರುತ್ತಾರೆ? ಮುನ್ನೂರು ಅಡಿ ಉದ್ದ, ಮೂರಡಿ ಆಳದ ಟ್ರೆಂಚ್ ಎಂದುಕೊಳ್ಳಿ. ಒಂದಡಿ ಬಕೆಟ್ ಆದರೆ 900 ಘನ ಅಡಿ ಮಣ್ಣು ಮೇಲೆ ಬರುತ್ತದೆ, ಎರಡಡಿ ಆದರೆ 1,800. ಬೇಡದ 900 ಘನ ಅಡಿಯನ್ನು ಮೇಲೆ ಹಾಕಿ ಮತ್ತೆ ಒಳಗೆ ತಳ್ಳುವುದಕ್ಕೂ ಗಂಟೆ ಓಡುತ್ತಿರುತ್ತದೆ. ಅದರ ಜೊತೆಗೆ ಮೇಲಿನ ಕೆಂಪು ಮಣ್ಣು, ಕೆಳಗಿನ ಗೊರಚು ಒಂದೇ ಗುಡ್ಡೆಯಾಗಿ ಕಲಸಿಹೋಗಿರುತ್ತದೆ. ವರ್ಷಾನುಗಟ್ಟಲೆ ಕೊಟ್ಟಿಗೆ ಗೊಬ್ಬರ ತಿಂದ ಮಣ್ಣು ತಳಕ್ಕೆ, ಕಲ್ಲು ಮೇಲಕ್ಕೆ. ಮುಂದಿನ ವರ್ಷ ಆ ಸಾಲಿನ ಮೇಲೆ ರಾಗಿ ಹಾಕಿದವರನ್ನು ಪೈರು ಹೇಗಿದೆ ಎಂದು ಕೇಳಿ ನೋಡಿ.

ಮೊದಲು ಹೀಗಿರಲಿಲ್ಲ. ಜೆಸಿಬಿ ಕಂಪನಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದೇ 1945ರಲ್ಲಿ, ಭಾರತಕ್ಕೆ ಕಾಲಿಟ್ಟದ್ದು 1979ರಲ್ಲಿ. ಹೆಸರಘಟ್ಟದ ನೀರು ಬೆಂಗಳೂರಿಗೆ ಹರಿದದ್ದು ಅದಕ್ಕೂ ಬಹಳ ಹಿಂದೆ, 1890ರ ದಶಕದಲ್ಲಿ. ಆ ಕಾಲದ ಮಣ್ಣಿನ ಕೆಲಸವೆಲ್ಲ ಗುದ್ದಲಿ, ಮಂಕರಿಗಳದ್ದು. ಕೆರೆ ಬಾವಿ ತೋಡುವುದರಲ್ಲಿ ಹೆಸರಾದ ಭೋವಿ ಸಮುದಾಯದವರಿಗೆ ಕೂಲಿ ಕೊಡುತ್ತಿದ್ದದ್ದು ಎತ್ತಿದ ಮಣ್ಣಿನ ಅಳತೆಗೆ. ಗುಂಡಿಯ ನಡುವೆ ಅಲ್ಲಲ್ಲಿ ಮಣ್ಣಿನ ಕಂಬವೊಂದನ್ನು ಅಗೆಯದೆ ನಿಲ್ಲಿಸುತ್ತಿದ್ದರು. ನೆಲ ಮೊದಲು ಎಲ್ಲಿತ್ತು, ಎಷ್ಟು ಆಳ ಹೋಯಿತು ಎಂಬುದಕ್ಕೆ ಅದೇ ಸಾಕ್ಷಿ. ಅಳೆದು, ಲೆಕ್ಕ ಮುಗಿಸಿ, ಆಮೇಲೆ ಕಂಬ ಕೆಡವುತ್ತಿದ್ದರು. ಓದು ಬರಹ ಬಾರದವರು ಮಾಡಿಕೊಂಡ ವ್ಯವಸ್ಥೆ ಅದು. ಇವತ್ತು ಎಂಜಿನಿಯರಿಂಗ್ ಓದಿದವರೂ ಆಪರೇಟರ್ ತೋರಿಸಿದ ಮೀಟರ್ ನೋಡಿ ಫೋನ್‌ಪೇ ಮಾಡುತ್ತಾರೆ.

ನಾನು ಗಿರಾಕಿಗಳಿಗೆ ಹೇಳುವುದಿಷ್ಟು. ಅಡಿ ಲೆಕ್ಕಕ್ಕೆ ಮಾತಾಡಿ. ಇಷ್ಟು ಅಡಿ ಉದ್ದ, ಇಷ್ಟು ಅಗಲ, ಇಷ್ಟು ಆಳ, ಮೇಲ್ಮಣ್ಣು ಒಂದು ಬದಿಗೆ, ಗೊರಚು ಇನ್ನೊಂದು ಬದಿಗೆ, ಮುಚ್ಚಿ ಕೊಡುವುದೂ ಸೇರಿ ಅಡಿಗೆ ಇಷ್ಟು. ಬಂಡೆ ಸಿಕ್ಕರೆ ಬ್ರೇಕರ್ ದರ ಎಷ್ಟು ಎಂಬುದನ್ನೂ ಗಾಡಿ ಬರುವ ಮೊದಲೇ ಮುಗಿಸಿ. ಮಿಕ್ಕ ಮಣ್ಣು ಯಾರದು ಎಂಬುದನ್ನಂತೂ ಬಿಡಬೇಡಿ. ಟಿಪ್ಪರ್ ತುಂಬ ಕೆಂಪು ಮಣ್ಣಿಗೆ ಈ ಕಡೆ ಒಳ್ಳೆಯ ಬೆಲೆಯಿದೆ, "ಕಸ ತೆಗೆದುಕೊಂಡು ಹೋಗ್ತೀವಿ ಬಿಡಿ ಸಾರ್" ಎಂದು ಉಪಕಾರ ಮಾಡಿದಂತೆ ಹೊತ್ತೊಯ್ಯುವವರನ್ನು ಕಂಡಿದ್ದೇನೆ. ಇದೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರೆದು, ಮಾಲೀಕನಿಂದ "ಸರಿ" ಎಂದು ಉತ್ತರ ತರಿಸಿಕೊಂಡರೂ ಸಾಕು. ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆಯಿದೆ, ಆದರೆ ಸಾಬೀತು ಮಾಡುವುದು ನಿಮ್ಮ ಪಾಡು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಕೈಯಲ್ಲಿ ಒಂದು ಚೀಟಿಯೂ ಇಲ್ಲದಿದ್ದರೆ ಅಲ್ಲಿ ಹೋಗಿ ಏನು ತೋರಿಸುತ್ತೀರಿ?

ನೆಲದಡಿ ಏನಿದೆ ಎಂಬುದು ಇನ್ನೊಂದು ತಲೆನೋವು. ಅಗೆಯುವವರು ಮೊದಲೇ ತಿಳಿಸಲಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಟ್ಟಿತು. ಆಪ್ಟಿಕಲ್ ಫೈಬರ್, ಗ್ಯಾಸ್ ಪೈಪಿನಂಥ ದೊಡ್ಡ ಸಂಸ್ಥೆಗಳ ಆಸ್ತಿಗೆ ಅದು ಒಳ್ಳೆಯದು. ಆದರೆ ಹಿಂದಿನ ಮಾಲೀಕರು ಬದುವಿನ ಪಕ್ಕ ಹೂತು ಮರೆತ ಪೈಪು ಯಾವ ಆ್ಯಪಿನಲ್ಲಿ ಸಿಗುತ್ತದೆ? ಪಂಚಾಯಿತಿಯ ನೀರಿನ ಲೈನ್ ಎಲ್ಲಿ ತಿರುಗುತ್ತದೆ, ವಾಲ್ವ್ ಎಲ್ಲಿ ಮಣ್ಣು ಮುಚ್ಚಿದೆ ಎಂದು ಸರಿಯಾಗಿ ಗೊತ್ತಿರುವುದು ಊರಿನ ನೀರುಗಂಟಿಗೆ. ಗಾಡಿ ಬರುವ ಹಿಂದಿನ ದಿನ ಅವರನ್ನು ಕರೆಸಿ, ಟೀ ಕುಡಿಸಿ, ಸುಣ್ಣದ ಗೆರೆ ಹಾಕಿಸಿಕೊಂಡರೆ ನನ್ನ ಕಪ್ಲರ್ ವ್ಯಾಪಾರ ಅರ್ಧಕ್ಕೆ ಇಳಿಯುತ್ತದೆ. ಜಲಜೀವನ್ ಮಿಷನ್ ಬಂದ ಮೇಲೆ ಹಳ್ಳಿ ಹಳ್ಳಿಗೆ ಹೊಸ ಪೈಪು ಬಿದ್ದಿದೆ. ಆ ಪೈಪಿನ ನಕ್ಷೆಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ತೂಗು ಹಾಕುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ನೀರುಗಂಟಿ ನಿವೃತ್ತರಾದ ದಿನ ಊರಿನ ನಕ್ಷೆಯೂ ಅವರ ಜೊತೆ ಮನೆಗೆ ಹೋಗಬಾರದು.

ಕೇಬಲ್ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಮಾತಾಡುತ್ತೇನೆ. ಹೇಗೂ ಅಗೆದಾಯಿತಲ್ಲ ಎಂದು ನೀರಿನ ಪೈಪಿನ ಪಕ್ಕದಲ್ಲೇ ಕರೆಂಟ್ ಕೇಬಲ್ ಎಳೆದು ಮಣ್ಣು ಮುಚ್ಚುತ್ತಾರೆ. ಎರಡರ ನಡುವೆ ಒಂದಡಿಯಾದರೂ ಅಂತರ ಇರಬೇಕು. ಮನೆ, ಪಂಪಿನ ಕೇಬಲ್ ಎರಡೂವರೆ ಅಡಿ ಆಳದಲ್ಲಿ ಮರಳಿನ ಹಾಸಿನ ಮೇಲೆ ಮಲಗಬೇಕು, ಮೇಲೆ ಮತ್ತೆ ಮರಳು, ಅದರ ಮೇಲೆ ಅಡ್ಡ ಇಟ್ಟಿಗೆ. ಮುಂದೊಂದು ದಿನ ಯಾರದೋ ಹಾರೆ ಮೊದಲು ಇಟ್ಟಿಗೆಗೆ ತಾಗಿ ಠಣ್ ಎನ್ನಲಿ ಎಂದು. ಇಟ್ಟಿಗೆ ದುಬಾರಿ ಎಂದು ವಾದಿಸುವವರಿಗೆ ನಾನು ಕೇಬಲ್ ಕೊಡುವುದಿಲ್ಲ ಎಂದು ಹೇಳಿದ್ದೂ ಇದೆ. ಅವರು ಪಕ್ಕದ ಅಂಗಡಿಗೆ ಹೋದರು, ಆ ಮಾತು ಬೇರೆ.

ಆಳ ಹೆಚ್ಚಾದಂತೆ ಹಣದ ಮಾತು ಹಿಂದೆ ಸರಿಯಬೇಕು. ಐದಡಿಗಿಂತ ಕೆಳಗೆ ಹೋದ ಟ್ರೆಂಚಿಗೆ ಮನುಷ್ಯನನ್ನು ಇಳಿಸುವ ಮೊದಲು ಪಕ್ಕದ ಮಣ್ಣಿಗೆ ಹಲಗೆ, ಕಂಬಗಳ ಆಸರೆ ಕೊಡಬೇಕು, ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ ಐದಡಿ ದೂರ ಸುರಿಯಬೇಕು. ನಾನು ಹೇಳುವ ಮಾತಲ್ಲ ಇದು, ಐಎಸ್ 3764 ಎಂಬ ಭಾರತೀಯ ಮಾನಕದ್ದು. ಮೀಟರ್ ಓಡುತ್ತಿರುವಾಗ ಮಾಲೀಕನಿಗೂ ಅವಸರ, ಜಮೀನಿನವನಿಗೂ ಅವಸರ. ಒಳಗೆ ಇಳಿದು ಪೈಪಿಗೆ ಸಲ್ಯೂಷನ್ ಹಚ್ಚುವ ಹುಡುಗನ ತಲೆಯ ಮೇಲೆ ಆ ಮಣ್ಣಿನ ಗುಡ್ಡೆ ನಿಂತಿರುತ್ತದೆ. ಗಂಟೆ ಲೆಕ್ಕದ ಮೇಲೆ ನನಗಿರುವ ಸಿಟ್ಟಿಗೆ ದೊಡ್ಡ ಕಾರಣ ಇದೇ.

ಕಡೆಯದು ಮುಚ್ಚುವ ಕೆಲಸ. ಸಾಮಾನ್ಯವಾಗಿ ನಡೆಯುವುದು ಹೀಗೆ: ಸಂಜೆಯಾಗಿದೆ, ಆಪರೇಟರ್ ಮುಂದಿನ ದೊಡ್ಡ ಬಕೆಟ್‌ನಲ್ಲಿ ಗುಡ್ಡೆಯನ್ನೆಲ್ಲ ಒಂದೇ ಸಲ ಒಳಗೆ ನೂಕಿ, ಚಕ್ರ ಹತ್ತಿಸಿ, ದುಡ್ಡು ಎಣಿಸಿಕೊಂಡು ಹೊರಡುತ್ತಾನೆ. ಮುಂಗಾರಿನ ಮೊದಲ ಜೋರು ಮಳೆಗೆ ಸಾಲು ಪೂರ್ತಿ ಕುಸಿದು ಕಾಲುವೆಯಾಗುತ್ತದೆ. ಕಲ್ಲು ಮೇಲೆ ಕೂತು ಪೈಪು ಒಡೆಯುತ್ತದೆ. ಪೈಪಿನ ಸುತ್ತ ಕಲ್ಲಿಲ್ಲದ ಮಣ್ಣು ಹಾಕಿ, ಆಮೇಲೆ ಅರ್ಧ ಅಡಿಗೊಂದು ಪದರದಂತೆ ನೀರು ಚಿಮುಕಿಸಿ ದಿಮ್ಮಸು ಹೊಡೆಯುತ್ತ ಬಂದರೆ ಹೀಗಾಗುವುದಿಲ್ಲ. ಆದರೆ ಅದಕ್ಕೆ ಕೂಲಿಯಾಳು ಬೇಕು, ಸಮಯ ಬೇಕು, ಗಂಟೆ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಕಾವೇರಿ ಐದನೇ ಹಂತದ ನೀರನ್ನು 110 ಹಳ್ಳಿಗಳಿಗೆ ಕೊಡಲು ಬೀದಿ ಬೀದಿ ಅಗೆದದ್ದನ್ನು ಕಂಡವರಿಗೆ ಮುಚ್ಚುವುದರ ಬೆಲೆ ಏನೆಂದು ನಾನು ಹೇಳಬೇಕಿಲ್ಲ. ಅಲ್ಲಿ ಕಾಗದದ ಮೇಲಾದರೂ ಭದ್ರತಾ ಠೇವಣಿ, ದೋಷ ಹೊಣೆಗಾರಿಕೆ ಅವಧಿ ಎಂಬುವು ಇರುತ್ತವೆ. ಅರ್ಧ ಎಕರೆಯವನಿಗೆ ಅದೂ ಇಲ್ಲ. ಆದ್ದರಿಂದ ಒಟ್ಟು ಮೊತ್ತದ ನಾಲ್ಕನೇ ಒಂದು ಭಾಗ ಹಿಡಿದಿಟ್ಟುಕೊಳ್ಳಿ, ಮಳೆ ನೋಡಿ ಕೊಡಿ ಎನ್ನುತ್ತೇನೆ.

ಗಾಡಿ ಮಾಲೀಕರಿಗೆ ಈ ಸಲಹೆ ಹಿಡಿಸುವುದಿಲ್ಲ. ತಿಂಗಳ ಕಂತು, ಡೀಸೆಲ್, ಆಪರೇಟರ್ ಸಂಬಳ, ಎಲ್ಲ ಅವರ ತಲೆಯ ಮೇಲೆ. ಆ ಕಷ್ಟ ಸುಳ್ಳಲ್ಲ. ಅಡಿ ಲೆಕ್ಕದ ದರ ಗಂಟೆ ಲೆಕ್ಕಕ್ಕಿಂತ ಮೇಲ್ನೋಟಕ್ಕೆ ಹೆಚ್ಚೇ ಆಗುತ್ತದೆ, ಆಗಲಿ, ಕೊಡಬೇಕು. ನಮ್ಮಲ್ಲಿ ಪೈಪು ಕೊಳ್ಳುವ ಒಬ್ಬ ಮಾಲೀಕರು ಮೊನ್ನೆ ಕೌಂಟರಿಗೆ ಒರಗಿ ಕೇಳಿದರು: "ಅಲ್ಲಕ್ಕಾ, ಜನವರಿಯಲ್ಲಿ ಕೆಲಸ ಮಾಡಿ ಮಳೆ ಬರೋವರೆಗೂ ದುಡ್ಡಿಗೆ ಕಾಯ್ಬೇಕಾ?" ನ್ಯಾಯವಾದ ಪ್ರಶ್ನೆ. ಕಾಯುವುದು ಬೇಡ. ಮುಚ್ಚಿದ ಸಾಲಿನ ಮೇಲೆ ಒಂದೆರಡು ಟ್ಯಾಂಕರ್ ನೀರು ಬಿಡಿಸಿ, ಎರಡು ದಿನ ನೆನೆಯಲು ಬಿಡಿ, ಕುಸಿದ ಕಡೆ ಮಣ್ಣು ತುಂಬಿ ದಿಮ್ಮಸು ಹೊಡೆಸಿ, ಬಾಕಿ ಹಣ ಎಣಿಸಿಕೊಂಡು ಹೋಗಿ ಎಂದೆ. ಟ್ಯಾಂಕರಿನ ದುಡ್ಡು ಯಾರು ಕೊಡುವುದು ಎಂದರು. ಅದನ್ನೂ ಮೊದಲೇ ಬರೆದುಕೊಳ್ಳಿ ಎಂದೆ.