ಹಳೆಯ ಕಾರಿನಲ್ಲಿ ಎಂಜಿನ್ ಆಯಿಲ್ಲಿನ ನಷ್ಟ

ಹಾಸನದ ಆಲೂಗೆಡ್ಡೆ, ಹೊಳೆನರಸೀಪುರದ ಭತ್ತ, ಅರಕಲಗೂಡಿನ ಹೊಗೆಸೊಪ್ಪು, ಚನ್ನರಾಯಪಟ್ಟಣದ ತೆಂಗು ಇವುಗಳ ಆದಾಯದಿಂದ ಕೊಂಡ ಕಾರು ಹಳತಾಗಿ, ನೆಲಕ್ಕೆ ಸೋರದೆಯೇ ಆಯಿಲ್ ಕಡಮೆಯಾಗುತ್ತ ಬಂದರೆ, ಒಡನೆಯೇ ಎಂಜಿನ್ನನ್ನು ಬಿಚ್ಚಿಸುವುದು ವಿವೇಕವಲ್ಲ. ಕಾರಣವನ್ನರಿಯದೆ ಮಾಡಿಸಿದ ರಿಪೇರಿಯಿಂದ ಒಂದು ಬೆಳೆಯ ಹಣವೇ ವ್ಯರ್ಥವಾದೀತು.

ಮೊದಲು ಅಳತೆಯಾಗಬೇಕು. ಕಾರನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ನಿಂತ 10 ನಿಮಿಷಗಳ ಮೇಲೆ ಡಿಪ್‌ಸ್ಟಿಕ್ ನೋಡಿ, 1000 ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕಬೇಕಾಯಿತೆಂಬುದನ್ನು ಬರೆದಿಡತಕ್ಕದ್ದು.

ಬಳಿಕ ಹೊಗೆಯ ಪರೀಕ್ಷೆ. ಬೆಳಿಗ್ಗೆ ಸ್ಟಾರ್ಟು ಮಾಡಿದೊಡನೆ, ಇಲ್ಲವೆ ಶಿರಾಡಿ ಘಾಟಿಯಂತಹ ಉದ್ದದ ಇಳಿಜಾರನ್ನಿಳಿದು ಆಕ್ಸಿಲರೇಟರನ್ನು ಒತ್ತಿದಾಗ, ನೀಲಿ ಹೊಗೆ ಬಂದು ಮರೆಯಾದರೆ ವಾಲ್ವ್ ಸೀಲುಗಳನ್ನು ಶಂಕಿಸಬೇಕು. ಭಾರ ಹೊತ್ತು ಏರುವಾಗ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗುಗಳು ಸವೆದಿರಬಹುದು. ಬ್ರೀದರ್ ಕೊಳವೆ ಕಟ್ಟಿಕೊಂಡರೂ ಒಳಗಿನ ಒತ್ತಡ ಹೆಚ್ಚಿ ಆಯಿಲ್ ಹೊರಬೀಳುವುದು. ಅದನ್ನು ಶುಚಿಮಾಡಲು ಅಲ್ಪ ವೆಚ್ಚವೇ ಸಾಕು.

ಕಡೆಯದು ಕಂಪ್ರೆಷನ್ ಪರೀಕ್ಷೆ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಒತ್ತಡ ಕಡಮೆಯಿದ್ದು, ಒಂದು ಚಮಚ ಆಯಿಲ್ ಬಿಟ್ಟಾಗ ಏರಿದರೆ, ರಿಂಗುಗಳ ಸವೆತವನ್ನು ಬಹುಮಟ್ಟಿಗೆ ನಿಶ್ಚಯಿಸಬಹುದು. ಡೀಸೆಲ್ ಎಂಜಿನ್ನಿಗೆ ಈ ಉಪಾಯ ಸಲ್ಲದು.

ನಷ್ಟವು ಸ್ವಲ್ಪವಾಗಿದ್ದು ಹೆಚ್ಚದಿದ್ದರೆ, ಆಗಾಗ್ಗೆ ಆಯಿಲ್ ತುಂಬುತ್ತ ಓಡಿಸುವುದೇ ಮಿತವ್ಯಯದ ಮಾರ್ಗ. ಆದರೆ ಮಟ್ಟವು ಡಿಪ್‌ಸ್ಟಿಕ್ಕಿನ ಕೆಳಗಿನ ಗುರುತಿಗಿಂತ ಇಳಿಯಲಾಗದು. ಇಳಿದರೆ ಬೇರಿಂಗುಗಳು ಸುಟ್ಟು ಎಂಜಿನ್ನೇ ಕೆಡುವುದು. ಗ್ರಾಮದ ಯಜಮಾನರು ಇಂತಹ ಲೆಕ್ಕವನ್ನಿಟ್ಟರೆ, ಟ್ರ್ಯಾಕ್ಟರುಳ್ಳ ರೈತರೂ ಅಳತೆಯ ಈ ಕ್ರಮವನ್ನು ಅನುಸರಿಸುವರು.