ಬೋರ್ಡಿಗೆ ಕನ್ನಡ ಬಂತು, ಗಲ್ಲಾಪೆಟ್ಟಿಗೆಗೆ ಯಾವಾಗ?

ಪಿ.ಯು.ಸಿ. ಮುಗಿಸಿ ಬಿ.ಕಾಂ.ಗೋ ಬಿ.ಬಿ.ಎ.ಗೋ ಅರ್ಜಿ ಹಿಡಿದು ನಿಂತಿರುವ ತಮ್ಮಾ, ತಂಗೀ, ಈ ಸಲದ ಸಂಪಾದಕೀಯ ನಿನಗೇ.

ಮೊದಲು ಒಂದು ಪ್ರಶ್ನೆ. ನಿನ್ನ ಕಾಲೇಜನ್ನು ಆರಿಸಿದವರು ಯಾರು? ಪಕ್ಕದ ಮನೆಯವರ ಮಗ ಸೇರಿದ್ದಾನೆಂದು ಅಪ್ಪ ಆರಿಸಿದರೇ? ಬಸ್ಸಿನ ಹಿಂಭಾಗದ ಜಾಹೀರಾತು ಆರಿಸಿತೇ? ಯಾವ ವಿಷಯವನ್ನು ಮುಖ್ಯವಾಗಿ ಓದುತ್ತೀಯ ಎಂದು ಕೇಳಿದರೆ 'ಅದೆಲ್ಲ ಆಮೇಲೆ' ಎನ್ನುತ್ತೀಯ. ಸಿನಿಮಾ ಟಿಕೆಟ್ ಕೊಳ್ಳುವಾಗ ಯಾವ ಸಾಲು, ಯಾವ ಸೀಟು ಎಂದು ನೋಡಿ ಕೊಳ್ಳುವ ನೀನು, ಬದುಕಿನ ಮೂರು ವರ್ಷವನ್ನೂ ಹೆತ್ತವರ ಉಳಿತಾಯವನ್ನೂ ಕಣ್ಣುಮುಚ್ಚಿ ಕೊಡಲು ಹೊರಟಿದ್ದೀಯಲ್ಲ!

ಕನ್ನಡ ಹೋರಾಟದ ಪತ್ರಿಕೆಗೆ ಈ ಉಸಾಬರಿ ಏಕೆ ಎನ್ನುವವರಿದ್ದಾರೆ. ಹೇಳುತ್ತೇವೆ, ಕೇಳು. 2023ರ ಡಿಸೆಂಬರ್ 27ರಂದು ನಾಮಫಲಕಕ್ಕಾಗಿ ಕನ್ನಡಿಗರು ಬೆಂಗಳೂರಿನ ಬೀದಿಗಿಳಿದರು. ಪೊಲೀಸರು ಎಳೆದೊಯ್ದರು, ಕೇಸು ಹಾಕಿದರು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಬೋರ್ಡಿನ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು ಆಯಿತು. ಗೆದ್ದೆವು, ಸರಿ. ಈಗ ಅದೇ ಬೋರ್ಡಿನ ಕೆಳಗಿನ ಬಾಗಿಲು ದಾಟಿ ಒಳಗೆ ಹೋಗು. ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಯಾರು? ಲೆಕ್ಕ ಬರೆಯುವವರು, ಚೆಕ್ಕಿಗೆ ರುಜು ಹಾಕುವವರು, ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸುವವರು ಯಾರು? ಆ ಕುರ್ಚಿಗಳಲ್ಲಿ ಕನ್ನಡಿಗ ಕೂರದಿದ್ದರೆ, ಬಾಗಿಲ ಮೇಲಿನ ಕನ್ನಡ ತೋರಣದ ಹಾಗೆ. ಹಬ್ಬ ಮುಗಿದ ಮೇಲೆ ಒಣಗುತ್ತದೆ.

ವ್ಯಾಪಾರ ನಮ್ಮ ರಕ್ತದಲ್ಲಿಲ್ಲ ಎಂಬ ಮಾತನ್ನು ನಂಬಬೇಡ. ಅದು ಸೋಮಾರಿಗಳು ಕಟ್ಟಿದ ಕತೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರಿಂದ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಇತ್ತ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟನೇ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ದಿನದ ಚಿಲ್ಲರೆಯನ್ನು ಜಮಾ ಮಾಡಿಕೊಂಡು ಬರುತ್ತಿದ್ದ. ಆ ಏಜೆಂಟ ಜನರ ಭಾಷೆಯಲ್ಲದೆ ಇನ್ಯಾವ ಭಾಷೆ ಆಡಿಯಾನು? ಜನರ ಮಾತು ಬಂದವನಿಗೆ ಜನರ ದುಡ್ಡೂ ಬಂತು. ಇದು ವ್ಯಾಪಾರದ ಮೊದಲ ಪಾಠ.

ಆಮೇಲೇನಾಯಿತು? 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಕರಗಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾ ಪಾಲಾಯಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ ಸೇರಿದವು. ಆಗ ನಾವು ಪ್ರತಿಭಟಿಸಿದೆವು, ಕರಪತ್ರ ಹಂಚಿದೆವು. ಆದರೆ ವಿಲೀನದಿಂದ ಯಾರಿಗೆ ಎಷ್ಟು ಲಾಭ, ಎಷ್ಟು ನಷ್ಟ ಎಂದು ಲೆಕ್ಕಪತ್ರ ಬಿಡಿಸಿ ಅಂಕಿಯಲ್ಲಿ ವಾದಿಸುವ ಹುಡುಗರು ನಮ್ಮ ಪಾಳಯದಲ್ಲಿ ಎಷ್ಟು ಮಂದಿ ಇದ್ದರು? ಗಂಟಲಿತ್ತು, ಲೆಕ್ಕ ಇರಲಿಲ್ಲ. ಆ ಕೊರತೆ ತುಂಬಬೇಕಾದವನು ನೀನು.

ಈಗ ಕೆಲಸದ ಮಾತಿಗೆ ಬರೋಣ.

ಬಿ.ಕಾಂ. ಓದಬೇಕೋ, ಬಿ.ಬಿ.ಎ. ಓದಬೇಕೋ? ಬಿ.ಕಾಂ. ಎಂದರೆ ಲೆಕ್ಕದ ಒಳಮನೆ. ಹಣಕಾಸು ಲೆಕ್ಕ, ಕಂಪನಿ ಲೆಕ್ಕ, ವೆಚ್ಚದ ಲೆಕ್ಕ, ಆದಾಯ ತೆರಿಗೆ, ಜಿ.ಎಸ್.ಟಿ., ವಾಣಿಜ್ಯ ಕಾನೂನು, ಆಡಿಟ್. ಬಿ.ಬಿ.ಎ. ಎಂದರೆ ಸಂಸ್ಥೆ ನಡೆಸುವ ವಿದ್ಯೆ. ಆಡಳಿತ, ಮಾರುಕಟ್ಟೆ, ಸಿಬ್ಬಂದಿ, ಹಣಕಾಸು ಎಲ್ಲದರ ಪರಿಚಯ. ಸಿ.ಎ. ಮಾಡುವ, ತೆರಿಗೆ ಕಚೇರಿಗೆ ಹೋಗುವ ಆಸೆ ಇದ್ದರೆ ಬಿ.ಕಾಂ. ದಾರಿ ನೇರ. ಸ್ವಂತ ಉದ್ಯಮ, ಮಾರಾಟ, ಸಿಬ್ಬಂದಿ ಆಡಳಿತ ಅಥವಾ ಮುಂದೆ ಎಂ.ಬಿ.ಎ. ಮನಸ್ಸಿನಲ್ಲಿದ್ದರೆ ಬಿ.ಬಿ.ಎ. ಒಗ್ಗುತ್ತದೆ. ಇದರಲ್ಲಿ ಮೇಲು ಕೀಳು ಇಲ್ಲ. 'ಬಿ.ಬಿ.ಎ. ಅಂದ್ರೆ ಸ್ಟೈಲು' ಎಂದು ಸೇರಿದವನು ಎರಡನೇ ವರ್ಷಕ್ಕೆ ತಲೆ ಕೆರೆದುಕೊಳ್ಳುತ್ತಾನೆ.

ಎರಡು ಸಂಗತಿ ನೆನಪಿರಲಿ. ನಮ್ಮ ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ಸರಕಾರ ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಹಾಗೆಯೇ 2024-25ರಿಂದ ಬಿ.ಬಿ.ಎ. ಕೋರ್ಸು ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿದೆ. ಆದ್ದರಿಂದ ಬಿ.ಬಿ.ಎ. ಸೇರುವ ಮುನ್ನ ಕಾಲೇಜಿಗೆ ಆ ಮಾನ್ಯತೆ ಇದೆಯೇ ಎಂದು ಕೇಳು. ಗಾಜಿನ ಕಟ್ಟಡ ನೋಡಿ ಮರುಳಾಗಬೇಡ. ಪಾಠ ಮಾಡುವುದು ಗಾಜಲ್ಲ, ಮೇಷ್ಟ್ರು. ಸರಕಾರಿ ಕಾಲೇಜೆಂದು ಮೂಗು ಮುರಿಯಲೂ ಬೇಡ. ವಾಣಿಜ್ಯಕ್ಕೆಂದೇ ಬೆಂಗಳೂರಿನಲ್ಲಿ ಸರಕಾರಿ ಆರ್.ಸಿ. ಕಾಲೇಜಿದೆ. ಡೊನೇಷನ್ನಿಗೆ ಅಪ್ಪ ಸಾಲ ಮಾಡುವ ಮೊದಲು ಅಲ್ಲಿಯ ಬಾಗಿಲು ತಟ್ಟು.

ಇನ್ನು ಮುಖ್ಯ ವಿಷಯದ ಆಯ್ಕೆ. ಒಂದೊಂದಾಗಿ ನೋಡು.

ಮೊದಲನೆಯದು ಲೆಕ್ಕ ಮತ್ತು ತೆರಿಗೆ. ಇದು ಒಣ ವಿಷಯ ಎನ್ನುತ್ತಾರೆ. 2025ರ ಜುಲೈ ನೆನಪು ಮಾಡಿಕೋ. ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿಯವರು, ಕಾಂಡಿಮೆಂಟ್ಸ್ ಅಂಗಡಿಯವರು, ತರಕಾರಿ ಮಾರುವವರೂ ಬೆಚ್ಚಿಬಿದ್ದರು. ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಚೀಟಿ ಅಂಟಿದವು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು ಭರವಸೆ ಕೊಡಬೇಕಾಯಿತು. ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು, ಸೇವೆಗಾದರೆ 20 ಲಕ್ಷ. ತಾಜಾ ತರಕಾರಿ, ಹಣ್ಣಿಗೆ ತೆರಿಗೆಯೇ ಇಲ್ಲ. ಒಂದೂವರೆ ಕೋಟಿವರೆಗಿನ ವ್ಯಾಪಾರಿ ರಾಜಿ ತೆರಿಗೆ ಪದ್ಧತಿಯಲ್ಲಿ ಶೇ. 1 ಕಟ್ಟಿ ನೆಮ್ಮದಿಯಾಗಿರಬಹುದು. ಇಷ್ಟನ್ನು ಕನ್ನಡದಲ್ಲಿ, ಅಂಗಡಿಯ ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳುವ ಹುಡುಗ ಬೀದಿಗೊಬ್ಬನಿದ್ದಿದ್ದರೆ ಆ ಗಾಬರಿ ಇರುತ್ತಿತ್ತೇ? ತೆರಿಗೆ ಓದಿದ ಕನ್ನಡದ ಹುಡುಗಿಗೆ ಪ್ರತಿ ಬೀದಿಯಲ್ಲೂ ಕೆಲಸ ಕಾದಿದೆ, ಗೌರವವೂ ಕಾದಿದೆ.

ಎರಡನೆಯದು ಬ್ಯಾಂಕು ಮತ್ತು ಹಣಕಾಸು. ಆನೇಕಲ್ ತಾಲ್ಲೂಕಿನ ಸ್ಟೇಟ್ ಬ್ಯಾಂಕ್ ಶಾಖೆಯೊಂದರಲ್ಲಿ ಮ್ಯಾನೇಜರು ಕನ್ನಡ ಮಾತಾಡುವುದಿಲ್ಲವೆಂದು ಹಟ ಹಿಡಿದದ್ದು 2025ರ ಮೇ ತಿಂಗಳಲ್ಲಿ. ನಾಡೆಲ್ಲ ಸಿಟ್ಟಾಯಿತು, ವರ್ಗಾವಣೆಯೂ ಆಯಿತು. ವರ್ಗವಾಗಿ ಹೋದ ಕುರ್ಚಿಗೆ ನಮ್ಮವರು ಬರಬೇಕಾದರೆ ಪರೀಕ್ಷೆ ಪಾಸಾಗಬೇಕು. ಸರಕಾರಿ ಬ್ಯಾಂಕುಗಳ ಗುಮಾಸ್ತೆ ಹುದ್ದೆಯ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ಹೇಳಿತು. ಹೋರಾಟದಿಂದ ತೆರೆದ ಬಾಗಿಲು ಅದು. ತೆರೆದ ಬಾಗಿಲಲ್ಲಿ ನೀನು ನುಗ್ಗದಿದ್ದರೆ ಹೋರಾಡಿದವರ ಬೆವರಿಗೆ ಬೆಲೆ ಏನು? ಬ್ಯಾಂಕು ಸೇರಬೇಕೆಂದಿದ್ದರೆ ಮೂರನೇ ವರ್ಷದವರೆಗೆ ಕಾಯಬೇಡ. ಎರಡನೇ ವರ್ಷದಿಂದಲೇ ತಯಾರಾಗು.

ಮೂರನೆಯದು ಮಾರುಕಟ್ಟೆ. ಅದೇ 2025ರ ಮೇ ತಿಂಗಳಲ್ಲಿ ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ 6.20 ಕೋಟಿ ರೂಪಾಯಿ ಕೊಟ್ಟು ನಟಿ ತಮನ್ನಾ ಅವರನ್ನು ರಾಯಭಾರಿ ಮಾಡಿಕೊಂಡಿತು. ಕನ್ನಡದ ನಟಿಯರಿಲ್ಲವೇ ಎಂದು ನಾವು ಕೇಳಿದೆವು. ಕೇಳಿದ್ದು ಸರಿಯೇ. ಹೊರರಾಜ್ಯದ ಮಾರುಕಟ್ಟೆ ಹಿಡಿಯಲು ಪರಿಣತರ ಸಲಹೆಯಂತೆ ಮಾಡಿದ್ದು ಎಂದು ಸಚಿವರು ಉತ್ತರ ಕೊಟ್ಟರು. ಆ ಉತ್ತರವನ್ನು ಅಂಕಿ ಮುಂದಿಟ್ಟು ಒಪ್ಪಲು ಅಥವಾ ಮುರಿಯಲು ಮಾರುಕಟ್ಟೆ ಓದಿದವರು ಬೇಕು. ಹಿಂದಿಯಿಂದ ಪದಕ್ಕೆ ಪದ ಇಳಿಸಿದ ಹೊಲಸು ಕನ್ನಡದ ಜಾಹೀರಾತು ದಿನವೂ ಕಿವಿಗೆ ಬೀಳುತ್ತದೆ. ಅದನ್ನು ಬರೆಸುವ ಮೇಜಿನಲ್ಲಿ ನೀನಿದ್ದರೆ ಬೀಳುತ್ತಿತ್ತೇ?

ನಾಲ್ಕನೆಯದು ಸಿಬ್ಬಂದಿ ಆಡಳಿತ, ಈಗಿನವರ ಬಾಯಲ್ಲಿ ಎಚ್.ಆರ್. ಕನ್ನಡಿಗರಿಗೆ ಉದ್ಯೋಗ ಕೊಡಿಸಲು 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ರಚನೆಯಾಯಿತು. ಅದರ ವರದಿ ಧೂಳು ತಿಂದದ್ದು ವಿಧಾನಸೌಧದಲ್ಲಿ ಮಾತ್ರವೇ? ಪ್ರತಿ ಕಂಪನಿಯ ಎಚ್.ಆರ್. ಮೇಜಿನ ಮೇಲೂ ತಿಂದಿದೆ. 2024ರ ಜುಲೈನಲ್ಲಿ ಸಚಿವ ಸಂಪುಟ ಸ್ಥಳೀಯರ ಉದ್ಯೋಗ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂದಿತು. ಉದ್ಯಮಿಗಳು ಗುಟುರು ಹಾಕಿದ ಕೂಡಲೇ, ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಿತು! 'ಅರ್ಹರು ಸಿಗುವುದಿಲ್ಲ' ಎಂಬುದು ಉದ್ಯಮಿಗಳ ಹಳೇ ರಾಗ. ಆ ರಾಗ ನಿಲ್ಲಿಸಬೇಕಾದರೆ ಅರ್ಹರನ್ನು ಸಾಲಾಗಿ ನಿಲ್ಲಿಸಬೇಕು. ಅರ್ಜಿ ಆರಿಸುವ ಕಡೆ ನಮ್ಮವರೂ ಇರಬೇಕು. ಅಲ್ಲಿ ಕೂತು ಅನ್ಯರಿಗೆ ಅನ್ಯಾಯ ಮಾಡು ಎನ್ನುವುದಿಲ್ಲ. ಮಂಡ್ಯದ, ರಾಯಚೂರಿನ ಹುಡುಗನ ಅರ್ಜಿ ತೆರೆಯದೆಯೇ ಕಸದ ಬುಟ್ಟಿ ಸೇರದಂತೆ ನೋಡಿಕೋ, ಸಾಕು.

ಇವಲ್ಲದೆ ಈಗ ಅನಾಲಿಟಿಕ್ಸ್, ಲಾಜಿಸ್ಟಿಕ್ಸ್ ಎಂಬ ಹೊಸ ಹೆಸರುಗಳಿವೆ. ಕೆಲಸವೂ ಇದೆ. ಆದರೆ ಕಲಿಸುವವರಿದ್ದಾರೆಯೇ, ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇದೆಯೇ ಎಂದು ಹೋಗಿ ನೋಡು. ಹೆಸರಿಗೆ ದುಡ್ಡು ಕೊಟ್ಟು ಬರಬೇಡ.

ಯಾವುದನ್ನು ಆರಿಸಲಿ ಎಂದು ತೊಳಲಾಡುವವನು ತನಗೆ ತಾನೇ ಮೂರು ಪ್ರಶ್ನೆ ಹಾಕಿಕೊಳ್ಳಲಿ. ಅಮ್ಮ ಬೈಯದಿದ್ದರೂ ನಾನಾಗಿ ತೆರೆಯುವ ಪುಸ್ತಕ ಯಾವುದು? ನನ್ನ ಕಾಲೇಜಿನಲ್ಲಿ ಚೆನ್ನಾಗಿ ಪಾಠ ಮಾಡುವ ಮೇಷ್ಟ್ರು ಯಾವ ವಿಷಯದವರು? ಆ ವಿಷಯ ಓದಿದ ಹಿರಿಯರು ಈಗ ಎಲ್ಲಿ, ಏನು ಕೆಲಸದಲ್ಲಿದ್ದಾರೆ? ಮೂರಕ್ಕೂ ಒಂದೇ ಉತ್ತರ ಬಂದರೆ ಅದೇ ನಿನ್ನ ವಿಷಯ.

ಮೂರು ವರ್ಷವನ್ನು ಹೀಗೆ ಹಂಚಿಕೋ. ಮೊದಲ ವರ್ಷ ಬುನಾದಿ. ಬಿ.ಬಿ.ಎ. ಆದರೂ ಲೆಕ್ಕ ಗಟ್ಟಿಯಾಗಬೇಕು. ಜೊತೆಗೆ ಎಕ್ಸೆಲ್, ಟ್ಯಾಲಿ ಕಲಿ. ಎರಡನೇ ವರ್ಷದ ರಜೆಯಲ್ಲಿ ಎರಡು ತಿಂಗಳು ಆಡಿಟರ ಕಚೇರಿಯಲ್ಲೋ, ಸಹಕಾರ ಸಂಘದಲ್ಲೋ, ಚಿಕ್ಕಪೇಟೆಯ ಸಗಟು ಅಂಗಡಿಯಲ್ಲೋ ದುಡಿ. ಬಿಲ್ಲು ಹೇಗೆ ಹುಟ್ಟುತ್ತದೆ, ಸಾಲ ಹೇಗೆ ಮುಳುಗುತ್ತದೆ ಎಂದು ಕಣ್ಣಾರೆ ನೋಡಿದ ಮೇಲೆ ಐಚ್ಛಿಕ ವಿಷಯ ಆರಿಸು. ಮೂರನೇ ವರ್ಷ ಆ ವಿಷಯದಲ್ಲಿ ಆಳಕ್ಕಿಳಿ. ಸಿ.ಎ. ಆಸೆ ಇರುವವರು ಪಿ.ಯು.ಸಿ. ನಂತರ ಫೌಂಡೇಷನ್ ಪರೀಕ್ಷೆ ಬರೆಯಬಹುದು. ಇಲ್ಲವೇ ವಾಣಿಜ್ಯ ಪದವಿಯಲ್ಲಿ ಶೇ. 55, ಬೇರೆ ಪದವಿಯಲ್ಲಿ ಶೇ. 60 ಅಂಕ ಪಡೆದು ನೇರವಾಗಿ ಮುಂದಿನ ಹಂತಕ್ಕೆ ಸೇರಬಹುದು.

ಭಾಷೆಯ ಮಾತು. ಕನ್ನಡ ಮಾಧ್ಯಮದಿಂದ ಬಂದವನೇ, ಇಂಗ್ಲಿಷಿಗೆ ಹೆದರಬೇಡ. ಕಂಪನಿ ಕಾಯ್ದೆ ಓದಿ ಅರ್ಥ ಮಾಡಿಕೊಳ್ಳುವಷ್ಟು, ತಪ್ಪಿಲ್ಲದೆ ಒಂದು ಪತ್ರ ಬರೆಯುವಷ್ಟು ಕಲಿ. ಅದು ಉಪಕರಣ, ಒಡೆಯನಲ್ಲ. ಕಾನ್ವೆಂಟಿನಿಂದ ಬಂದ ಬೆಂಗಳೂರಿನ ಹುಡುಗನೇ, ನಿನಗೆ ಬೇರೆ ಕಾಯಿಲೆ. ಡಿಪ್ರಿಸಿಯೇಷನ್ ಎಂದರೆ ಏನೆಂದು ಜಿಲ್ಲೆಯಿಂದ ಬಂದ ಯಂತ್ರದ ಮಾಲೀಕನಿಗೆ ಕನ್ನಡದಲ್ಲಿ ಹೇಳಬಲ್ಲೆಯಾ? ಅದಕ್ಕೆ ಸವಕಳಿ ಎಂಬ ಚೆಂದದ ಮಾತಿದೆ. ಕಿರ್ದಿ, ಖಾತೆ, ಜಮಾ, ಖರ್ಚು, ಶಿಲ್ಕು ಎಂದು ನಮ್ಮ ಅಂಗಡಿಯವರು ಲೆಕ್ಕ ಬರೆದರು, ಬದುಕಿದರು. ಆ ಮಾತುಗಳನ್ನು ನೀನು ಮರೆತರೆ ನಿನ್ನ ಡಿಗ್ರಿ ಅವರ ಉಪಯೋಗಕ್ಕೆ ಬಾರದು.

ಇನ್ನು ಸರಕಾರಕ್ಕೂ ಸಂಸ್ಥೆಗಳಿಗೂ ನಮ್ಮ ಹಕ್ಕೊತ್ತಾಯ. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಹಿಂದಿಯಲ್ಲೂ ಬರೆಯಬಹುದು. ಕನ್ನಡದಲ್ಲಿ ಏಕೆ ಬರೆಯಬಾರದು? ಹಿಂದಿಯ ಹುಡುಗನಿಗೆ ಇರುವ ಸೌಲಭ್ಯ ಕನ್ನಡದ ಹುಡುಗನಿಗೆ ಇಲ್ಲವೆಂದರೆ ಇದು ಯಾವ ನ್ಯಾಯದ ತಕ್ಕಡಿ? ಪದವಿಯ ವಾಣಿಜ್ಯ ಪುಸ್ತಕಗಳನ್ನು ಓದುವಂಥ ಕನ್ನಡದಲ್ಲಿ ವಿಶ್ವವಿದ್ಯಾಲಯಗಳು ಹೊರತರಲಿ. ಈ ನಾಡಿನ ನೆಲ, ನೀರು ಪಡೆದ ಕಂಪನಿಗಳು ನಮ್ಮ ಕಾಲೇಜುಗಳ ಮಕ್ಕಳಿಗೆ ರಜೆಯ ತರಬೇತಿ ಕೊಡಲಿ. ಇದಕ್ಕಾಗಿ ನಾವು ಬೀದಿಗಿಳಿಯುತ್ತೇವೆ. ನೀನೂ ಬಾ.

ಬರುವಾಗ ಕೈಯಲ್ಲಿ ಬಾವುಟವಿರಲಿ, ಚೀಲದಲ್ಲಿ ಲೆಕ್ಕದ ಪುಸ್ತಕವೂ ಇರಲಿ. ಹೋರಾಟದ ಮರುದಿನ ಕ್ಲಾಸು ತಪ್ಪಿಸಬೇಡ. ನಾಳೆ ಸಾಲ ಮಂಜೂರು ಮಾಡುವ ರುಜು ನಿನ್ನದಾಗಲಿ. ಆ ರುಜು ಕನ್ನಡದಲ್ಲಿರಲಿ.